ಪೈಪ್, ಫಿಟ್ಟಿಂಗ್ ಗೋಡೌನಿಗೆ ಸ್ಟಾಕ್ ಲೆಕ್ಕ: ಟ್ಯಾಲಿ ಸಾಕಾ, ಬೇರೆ ಸಾಫ್ಟ್‌ವೇರ್ ಬೇಕಾ?

ಪೈಪ್_ಅಂಗಡಿ_ದಾವಣಗೆರೆ:
ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಪೈಪ್, ಫಿಟ್ಟಿಂಗ್, ವೈರ್, ಬೋರ್‌ವೆಲ್ ಮೋಟಾರಿನ ಹೋಲ್‌ಸೇಲ್ ವ್ಯಾಪಾರ. ಅಂಗಡಿ ಹಿಂದೆ ಒಂದು ಗೋಡೌನ್, ಊರ ಹೊರಗೆ ಇನ್ನೊಂದು. ಐಟಂ ಸುಮಾರು ಮೂರು ಸಾವಿರ. ಬಿಲ್ ಆಗೋದು ಟ್ಯಾಲಿ ಪ್ರೈಮ್‌ನಲ್ಲಿ, ಆದರೆ ಸ್ಟಾಕ್ ಇರೋದು ಹುಡುಗರ ತಲೆಯಲ್ಲಿ. ಟ್ಯಾಲಿ ಒಂದು ಹೇಳುತ್ತದೆ, ರ‍್ಯಾಕ್ ಇನ್ನೊಂದು ಹೇಳುತ್ತದೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೆಲಸ ಜೋರಾದಾಗ ಮಾಲು ಇದೆ ಅಂತ ಗಿರಾಕಿಗೆ ಒಪ್ಪಿಕೊಂಡು, ಆಮೇಲೆ ಎರಡೂ ಗೋಡೌನ್ ಹುಡುಕಿಸಿ, ಇಲ್ಲ ಅಂತ ಹೇಳೋ ಪರಿಸ್ಥಿತಿ. ಈಗ ಒಬ್ಬರು ಬಂದು ಸ್ಕ್ಯಾನರ್, ಕ್ಲೌಡ್ ಸಾಫ್ಟ್‌ವೇರ್, ವರ್ಷದ ಚಂದಾ ಎಲ್ಲ ಸೇರಿಸಿ ದೊಡ್ಡ ಕೊಟೇಶನ್ ಕೊಟ್ಟು ಹೋಗಿದ್ದಾರೆ. ತೆಗೆದುಕೊಳ್ಳೋದಾ? ಬಳಸಿದವರು ಇದ್ದರೆ ಹೇಳಿ.

ಸ್ಟೋರ್_ಕೀಪರ್_ಪೀಣ್ಯ:
ಕೊಟೇಶನ್ ಪಕ್ಕಕ್ಕಿಡಿ ಸರ್. ಮೊದಲು ಒಂದು ಪ್ರಶ್ನೆ: ಮಾಲು ಗೋಡೌನಿಂದ ಚೀಟಿ ಇಲ್ಲದೆ ಹೊರಗೆ ಹೋಗುತ್ತದಾ? "ಎರಡು ಎಲ್ಬೋ (ಪೈಪಿನ ತಿರುವಿಗೆ ಹಾಕೋ ಫಿಟ್ಟಿಂಗ್) ಅಷ್ಟೇ, ಆಮೇಲೆ ಬರೆಯೋಣ" ಅನ್ನೋದು ನಡೆಯುತ್ತಿದ್ದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಇದೇ ಕತೆ, ಸುಮ್ನೆ ದುಡ್ಡು ದಂಡ.

ಟ್ಯಾಲಿಯಲ್ಲೇ ಎರಡು ಗೋಡೌನ್ ಬೇರೆ ಬೇರೆ ಇಡಬಹುದು. ಇಲ್ಲಿಂದ ಅಲ್ಲಿಗೆ ಹೋದ ಮಾಲಿಗೆ ಸ್ಟಾಕ್ ಜರ್ನಲ್, ಎಣಿಸಿದ ಮೇಲೆ ಫಿಸಿಕಲ್ ಸ್ಟಾಕ್ ವೋಚರ್. ರೀಆರ್ಡರ್ ಲೆವೆಲ್, ಅಂದರೆ ಸ್ಟಾಕ್ ಇಷ್ಟಕ್ಕಿಳಿದರೆ ಮತ್ತೆ ತರಿಸಬೇಕು ಅನ್ನೋ ಮಿತಿ, ಅದೂ ಇದೆ, ನಮ್ಮಲ್ಲಿ ಅದನ್ನು ಯಾರೂ ಬಳಸೋದಿಲ್ಲ ಅಷ್ಟೇ. ಒಂದು ತೊಂದರೆ ನಿಜ: ಇಲ್ಲದ ಮಾಲನ್ನೂ ಬಿಲ್ ಮಾಡಲು ಟ್ಯಾಲಿ ಬಿಡುತ್ತದೆ, ಸ್ಟಾಕ್ ಮೈನಸ್ ಆಗುತ್ತದೆ. ಎಚ್ಚರಿಕೆ ಬರುವ ಹಾಗೆ ಸೆಟ್ ಮಾಡಬಹುದು, ಆದರೆ ಬಿಲ್ ಮಾಡುವವನು ಎಂಟರ್ ಒತ್ತಿ ಮುಂದೆ ಹೋದರೆ ಏನು ಮಾಡೋದು?

ಫಿಟ್ಟಿಂಗ್_ಗುರು:
ನಿಮ್ಮ ಐಟಂ ಪಟ್ಟಿ ಒಂದ್ಸಲ ತೆಗೆದು ನೋಡಿ. "ಮುಕ್ಕಾಲು ಎಲ್ಬೋ", "3/4 ಎಲ್ಬೋ", "25 ಎಂಎಂ ಎಲ್ಬೋ" ಅಂತ ಮೂರು ಕಡೆ ಸ್ಟಾಕ್ ಹಂಚಿಹೋಗಿರುತ್ತದೆ, ಬರೆದಿಡಿ ಬೇಕಾದರೆ. ಹಾಗಂತ ಮೂರನ್ನೂ ಕಣ್ಣು ಮುಚ್ಚಿ ಒಂದು ಮಾಡಬೇಡಿ. ಸಿಪಿವಿಸಿ (ಬಿಸಿನೀರಿಗೂ ಆಗೋ ಪ್ಲಾಸ್ಟಿಕ್ ಪೈಪ್) ಮುಕ್ಕಾಲು ಇಂಚಿನ ಹೊರ ಅಳತೆ 22.2 ಎಂಎಂ, ಮನೆ ಪ್ಲಂಬಿಂಗಿನ ಯುಪಿವಿಸಿದು 26.7, ಹೊಲದ ಪಿವಿಸಿದು 25. ಒಂದರದ್ದು ಇನ್ನೊಂದಕ್ಕೆ ಕೂರೋದಿಲ್ಲ. ಹೆಸರಿನಲ್ಲೇ ಮೊದಲು ಜಾತಿ, ಆಮೇಲೆ ಸೈಜ್, ಆಮೇಲೆ ಕಂಪನಿ. ಈ ಕೆಲಸ ಕೌಂಟರಿನಲ್ಲಿ ಹಳಬನಾದ ಹುಡುಗನೇ ಮಾಡಬೇಕು, ಸಾಫ್ಟ್‌ವೇರಿನವರಿಗೆ ಬಿಟ್ಟರೆ ಕೆಟ್ಟಿತು.

ಇನ್ನು ವೈರ್. ಕಾಯಿಲ್ 90 ಮೀಟರ್. ಬಿಡಿ ಮೀಟರ್ ಮಾರುತ್ತೀರಿ ಅಂದರೆ ಮೂಲ ಯೂನಿಟ್ ಮೀಟರೇ ಇರಬೇಕು, ಕಾಯಿಲ್ ಅನ್ನೋದು ಎರಡನೇ ಯೂನಿಟ್. ಅಷ್ಟು ಮಾಡಿದರೂ ಒಂದು ಪೇಚು ಉಳಿಯುತ್ತದೆ. ಕಂಪ್ಯೂಟರ್ 45 ಮೀಟರ್ ಅನ್ನುತ್ತದೆ, ರ‍್ಯಾಕ್‌ನಲ್ಲಿ 20ರದ್ದೊಂದು 25ರದ್ದೊಂದು ತುಂಡು, ಗಿರಾಕಿಗೆ ಬೇಕಾಗಿರೋದು ಒಂದೇ ಉದ್ದ 40. ನಾವು "ತುಂಡು" ಅಂತಲೇ ಒಂದು ಗೋಡೌನ್ ಹೆಸರು ಮಾಡಿಕೊಂಡಿದ್ದೇವೆ. ಕಾಯಿಲ್ ಕತ್ತರಿಸಿದ ತಕ್ಷಣ ಉಳಿದದ್ದು ಅಲ್ಲಿಗೆ ಹೋಗುತ್ತದೆ. ಇಡಿ ಕಾಯಿಲ್ ಎಷ್ಟು, ತುಂಡು ಎಷ್ಟು ಅಂತ ಆಗ ಗೊತ್ತಾಗುತ್ತದೆ.

ಕೋಡ್_ಮಾಡೋನು:
ಟ್ಯಾಲಿ ಭಕ್ತರ ಮಧ್ಯೆ ಒಂದು ಮಾತು. ಎರಡೂ ಗೋಡೌನಿನ ಹುಡುಗರು ಮೊಬೈಲಲ್ಲೇ ನಮೂದಿಸಬೇಕು ಅಂತಿದ್ದರೆ ಇಆರ್‌ಪಿನೆಕ್ಸ್ಟ್ ಅನ್ನೋ ಸಾಫ್ಟ್‌ವೇರ್ ನೋಡಿ, ಲೆಕ್ಕ, ಸ್ಟಾಕ್ ಎಲ್ಲ ಅದರಲ್ಲೇ. ಮುಂಬೈನ ಫ್ರಾಪ್ಪೆ ಕಂಪನಿಯವರದ್ದು, ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ). ಸ್ಟಾಕ್ ಮೈನಸ್‌ಗೆ ಹೋಗಲು ತಾನಾಗಿ ಬಿಡೋದಿಲ್ಲ. ಲೈಸೆನ್ಸ್ ದುಡ್ಡು ಇಲ್ಲ ಅಂತ ಪುಕ್ಕಟೆ ಅಂದುಕೊಳ್ಳಬೇಡಿ, ಸರ್ವರ್ ಬಾಡಿಗೆ ಇರುತ್ತದೆ, ನೋಡಿಕೊಳ್ಳುವ ಒಬ್ಬ ಬೇಕು. ಅಂಥವನು ಊರಲ್ಲಿ ಇಲ್ಲ ಅಂದರೆ ಆ ಕಡೆ ಹೋಗಲೇಬೇಡಿ.

ಸ್ಟೋರ್_ಕೀಪರ್_ಪೀಣ್ಯ:
@ಕೋಡ್_ಮಾಡೋನು ಮೈನಸ್‌ಗೆ ಬಿಡಲ್ಲ ಅನ್ನೋದು ಕೇಳಲು ಚಂದ ಗುರು. ಲಾರಿ ಬಂದು ಮಾಲು ಇಳಿದಿದೆ, ಪರ್ಚೇಸ್ ಎಂಟ್ರಿ ಸಂಜೆ ಆಗುತ್ತದೆ, ಗಿರಾಕಿ ಈಗ ಕೌಂಟರಿನಲ್ಲಿ ನಿಂತಿದ್ದಾನೆ. ಬಿಲ್ ಆಗಲ್ಲ ಅಂದರೆ ಕೈಚೀಟಿ ಬರೆದು ಕಳಿಸುತ್ತಾರೆ, ಮತ್ತೆ ಮೊದಲಿನ ಹಾಗೇ. ಮಾಲು ಇಳಿದ ಕೂಡಲೇ ಎಂಟ್ರಿ ಆಗಬೇಕು, ಅದಕ್ಕೊಬ್ಬ ಆಳು ಬೇಕು.

ಲೆಕ್ಕದ_ಮನೆ:
ನಾನು ಜಿಎಸ್‌ಟಿ ಕೆಲಸ ಮಾಡುವವನು, ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಊರ ಹೊರಗಿನ ಗೋಡೌನ್ ನಿಮ್ಮ ನೋಂದಣಿಯಲ್ಲಿ ಹೆಚ್ಚುವರಿ ಸ್ಥಳ ಅಂತ ಸೇರಿದೆಯಾ? ಇಲ್ಲದಿದ್ದರೆ ಮೊದಲು ಅದು. ಒಂದೇ ನೋಂದಣಿಯೊಳಗೆ ಮಾಲು ಓಡಾಡಿದರೆ ತೆರಿಗೆ ಇಲ್ಲ, ಆದರೆ ಗಾಡಿಯಲ್ಲಿ ಡೆಲಿವರಿ ಚಲನ್ (ಸಾಗಿಸುವ ಮಾಲಿನ ಚೀಟಿ) ಇರಬೇಕು. ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲಿನಲ್ಲಿ ತೆಗೆಯುವ ಪತ್ರ) ಕೂಡ. ಹಾಗಾಗಿ ಸ್ಟಾಕ್ ಜರ್ನಲ್ ಮತ್ತು ಚಲನ್ ಒಟ್ಟಿಗೆ ಆಗುವಂಥ ವ್ಯವಸ್ಥೆ ಹುಡುಕಿ. ಇನ್ನೊಂದು, ಎಣಿಸಿದಾಗ ಕಮ್ಮಿ ಬಂದ ಮಾಲನ್ನು ಸುಮ್ಮನೆ ರೈಟ್ ಆಫ್ ಮಾಡಿ ಲೆಕ್ಕದಿಂದ ತೆಗೆದುಬಿಡಬೇಡಿ. ಕಳೆದುಹೋದ, ಹಾಳಾದ ಮಾಲಿನ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ) ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರಲ್ಲಿ ಸಿಗೋದಿಲ್ಲ, ವಾಪಸ್ ಮಾಡಬೇಕಾಗುತ್ತದೆ. ನಿಮ್ಮ ಆಡಿಟರನ್ನು ಕೇಳಿಯೇ ಮಾಡಿ.

ಪೈಪ್_ಅಂಗಡಿ_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಇಲ್ಲದೆ ಹೋಗುತ್ತದಾ ಅಂತ ಕೇಳಿದಿರಲ್ಲ, ಹೋಗುತ್ತದೆ, ದಿನಾ ಹೋಗುತ್ತದೆ 😀 ಸದ್ಯಕ್ಕೆ ಟ್ಯಾಲಿಯಲ್ಲೇ ಹೆಸರು, ಯೂನಿಟ್ ಸರಿ ಮಾಡುತ್ತೇವೆ, ಊರ ಹೊರಗಿನ ಗೋಡೌನಿಗೆ ಒಬ್ಬನನ್ನು ಚೀಟಿಗೇ ಅಂತ ಕೂರಿಸುತ್ತೇವೆ. ಕೊಟೇಶನ್‌ನವರಿಗೆ ಆಮೇಲೆ ನೋಡೋಣ ಅಂದಿದ್ದೇನೆ. ಬಾರ್‌ಕೋಡ್ ಮಾತ್ರ ಬೇಕು ಅನಿಸುತ್ತಿದೆ. ಟ್ಯಾಲಿಯಲ್ಲಿ ಆಗುತ್ತದಾ? ಅರ್ಧ ಇಂಚಿನ ಎಲ್ಬೋಗೆಲ್ಲ ಲೇಬಲ್ ಅಂಟಿಸೋದು ಹೇಗೆ?

ಫಿಟ್ಟಿಂಗ್_ಗುರು:
ಎಲ್ಬೋಗೆ ಅಂಟಿಸಬೇಡಿ ಮಾರಾಯ್ರೇ, ಎಲ್ಬೋ ಇಟ್ಟಿರುವ ಡಬ್ಬಕ್ಕೆ ಅಂಟಿಸಿ. ಒಂದೊಂದಕ್ಕೂ ಬೇಕಾಗೋದು ಮೋಟಾರಿಗೆ ಮಾತ್ರ, ಅದಕ್ಕೆ ವಾರಂಟಿ ಇರೋದರಿಂದ ಸೀರಿಯಲ್ ನಂಬರ್ ಹೇಗೂ ಬರೆದುಕೊಳ್ಳಲೇಬೇಕು. ಟ್ಯಾಲಿಯಲ್ಲಿ ಐಟಂನ ಅಲಿಯಾಸ್ (ಇನ್ನೊಂದು ಹೆಸರು) ಜಾಗದಲ್ಲಿ ಬಾರ್‌ಕೋಡ್ ನಂಬರ್ ಹಾಕಿ. ಯುಎಸ್‌ಬಿ ಸ್ಕ್ಯಾನರ್ ಕೀಬೋರ್ಡಿನ ಹಾಗೆ ಅದನ್ನೇ ಟೈಪ್ ಮಾಡುತ್ತದೆ, ಐಟಂ ಬರುತ್ತದೆ. ಲೇಬಲ್ ಪ್ರಿಂಟರ್ ಮಾತ್ರ ರಿಬ್ಬನ್ ಹಾಕುವಂಥದ್ದೇ ತೆಗೆದುಕೊಳ್ಳಿ. ರಿಬ್ಬನ್ ಇಲ್ಲದ, ಬಿಸಿಯಿಂದಲೇ ಅಚ್ಚಾಗುವ ಥರ್ಮಲ್ ಲೇಬಲ್ ತಗಡಿನ ಚಾವಣಿಯ ಗೋಡೌನಿನ ಬಿಸಿಗೆ ಕಪ್ಪಾಗಿಯೋ ಮಾಸಿಯೋ ಹೋಗುತ್ತದೆ, ಆಮೇಲೆ ಸ್ಕ್ಯಾನ್ ಆಗೋದಿಲ್ಲ.