ಔದೆವಾಟರಿನ ತಕ್ಕಡಿ

ದೊಡ್ಡಪ್ಪನವರಿಗೆ ನಮಸ್ಕಾರ. ಅತ್ತಿಗೆ ನೆದರ್ಲೆಂಡ್ಸಿನಿಂದ ಗುಂಪಿಗೆ ಹಾಕಿದ ‘ಮಾಟಗಾತಿಯಲ್ಲ’ ಎಂಬ ಪ್ರಮಾಣಪತ್ರವನ್ನು ನೋಡಿ, ಅಷ್ಟು ಮುಂದುವರಿದ ದೇಶದಲ್ಲಿ ಇದೆಂಥ ಮೌಢ್ಯ ಎಂದು ತಾವು ಕೇಳಿದ್ದೀರಿ. ಆ ಪತ್ರ ಕೊಡುವ ಔದೆವಾಟರ್ ಊರಿನ ಮಟ್ಟಿಗೆ ಸಂಗತಿ ಬೇರೆಯೇ ಇರುವುದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಯುಟ್ರೆಕ್ಟ್ ಮತ್ತು ಗೌಡಾ ನಗರಗಳ ನಡುವೆ, ಹಾಲಂಡ್ಸೆ ಐಸೆಲ್ ಎಂಬ ಸಣ್ಣ ನದಿಯ ದಡದಲ್ಲಿರುವ ಔದೆವಾಟರ್ 1265ರಲ್ಲೇ ನಗರದ ಹಕ್ಕು ಪಡೆದರೂ ಇಂದಿಗೂ ಸುಮಾರು ಹತ್ತು ಸಾವಿರ ಜನರ ಊರು. ಸುತ್ತಲ ಹೊಲಗಳಲ್ಲಿ ಸೆಣಬು ಬೆಳೆದು, ಹಡಗುಗಳಿಗೆ ಹಗ್ಗ ಹೊಸೆಯುವುದು ಅಲ್ಲಿಯವರ ಕಸುಬಾಗಿತ್ತು. ಒಬ್ಬರು ಚಕ್ರ ತಿರುಗಿಸುತ್ತಿದ್ದಂತೆ, ನಾರಿನ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡ ಇನ್ನೊಬ್ಬರು ಎಳೆ ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದರು. ಆ ನಾರಿನ ಬಣ್ಣ ಹತ್ತಿಯೇ ಊರವರಿಗೆ ‘ಹಳದಿ ಹೊಟ್ಟೆಯವರು’ ಎಂಬ ಅಡ್ಡಹೆಸರು ಬಿದ್ದಿದೆ. ಸರಕೆಲ್ಲ ಊರಿನ ತೂಕದ ಮನೆಯಲ್ಲಿ ತೂಗಬೇಕಿತ್ತು. ತಕ್ಕಡಿ ಸುಳ್ಳಾಡಿದರೆ ವ್ಯಾಪಾರವೇ ಕೆಡುತ್ತಿತ್ತು.

ಮಾಟಗಾತಿಯರಿಗೆ ಭಾರವಿಲ್ಲ, ಅದಕ್ಕೇ ಪೊರಕೆಯ ಮೇಲೆ ಹಾರುತ್ತಾರೆ ಎಂಬ ನಂಬಿಕೆ ಆಗ ಯುರೋಪಿನಲ್ಲಿತ್ತು. ಆಪಾದನೆ ಹೊತ್ತವರು, ಅದರಲ್ಲೂ ಜರ್ಮನಿಯ ಕಡೆಯವರು, ದೂರದ ದಾರಿ ಸವೆಸಿ ಇಲ್ಲಿಗೆ ಬಂದು, ಮೈಮೇಲೆ ಒಳ ಅಂಗಿಯಷ್ಟನ್ನೇ ಉಳಿಸಿಕೊಂಡು ಅದೇ ದೊಡ್ಡ ತಕ್ಕಡಿಯನ್ನೇರುತ್ತಿದ್ದರು. ಮೈಕಟ್ಟಿಗೆ ತಕ್ಕ ತೂಕವಿದೆಯೆಂದು ಊರಿನ ಅಧಿಕಾರಿಗಳು ಬರೆದುಕೊಟ್ಟ ಪತ್ರವೇ ಅವರಿಗೆ ರಕ್ಷೆ. ಊರು ಮೌಢ್ಯದ ವಿರುದ್ಧ ಭಾಷಣ ಮಾಡಲಿಲ್ಲ, ತೂಗಿದ್ದನ್ನು ತೂಗಿದಂತೆ ಬರೆಯಿತು, ಅಷ್ಟೆ. ಇಲ್ಲಿ ಯಾರೂ ಮಾಟಗಾತಿ ಎನಿಸಿಕೊಳ್ಳಲಿಲ್ಲ. ಕೊನೆಯ ಪತ್ರ 1729ರದ್ದು.

ಹಾಗೆಂದು ಅದು ಕ್ರೌರ್ಯವನ್ನೇ ಕಾಣದ ಊರೂ ಅಲ್ಲ. 1575ರ ಆಗಸ್ಟ್ 7ರಂದು ಸ್ಪೇನಿನ ಸೈನ್ಯ ನುಗ್ಗಿ ಜನರನ್ನು ಕೊಂದು, ಮನೆಗಳನ್ನು ಸುಟ್ಟಿತು. ಇದೇ ಊರಲ್ಲಿ ಹುಟ್ಟಿ ಮುಂದೆ ದೊಡ್ಡ ಧರ್ಮಶಾಸ್ತ್ರಜ್ಞನಾದ ಯಾಕೋಬಸ್ ಅರ್ಮಿನಿಯಸ್ ಆಗ ಓದಿಗೆಂದು ಮಾರ್ಬರ್ಗಿನಲ್ಲಿದ್ದುದರಿಂದ ಬದುಕಿಕೊಂಡ. ಅವನ ತಾಯಿ, ಒಡಹುಟ್ಟಿದವರು ಹತರಾದರು.

ತೂಗುವ ಹಕ್ಕನ್ನು 1545ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನೇ ಕೊಟ್ಟನೆಂಬ ಕಥೆಯೂ ಅಲ್ಲಿ ಪ್ರಚಲಿತವಾಗಿದೆ. ದಾಖಲೆಯ ಆಧಾರವಿಲ್ಲದ ಆ ದಂತಕಥೆಗಿಂತ ಹಗ್ಗದ ವ್ಯಾಪಾರಿಗಳ ಕಟ್ಟುನಿಟ್ಟನ್ನೇ ನಾನು ಹೆಚ್ಚು ನಂಬುತ್ತೇನೆ. ತೂಕದ ಮನೆ ಈಗ ವಸ್ತುಸಂಗ್ರಹಾಲಯ, ಪತ್ರ ಪ್ರವಾಸಿಗರಿಗೆ ಮೋಜು. ಹಗ್ಗದ ಕಸುಬಿಗೂ ಅಲ್ಲೊಂದು ಪ್ರತ್ಯೇಕ ಸಂಗ್ರಹಾಲಯವಿದೆ. ಅತ್ತಿಗೆ ಇನ್ನೂ ಆ ಕಡೆಯೇ ಇದ್ದರೆ ಅದನ್ನೂ ನೋಡಿಬರಲಿ.