ಎನ್ನೆಸ್ಸೆಸ್ ಶಿಬಿರದಲ್ಲಿ ಬಚ್ಚಲುಗುಂಡಿ: 50 ಮಕ್ಕಳು, 7 ದಿನ, ಎಷ್ಟು ಸಾಧ್ಯ?

ಹೊಸಘಟಕ:
ಪದವಿ ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ, 100 ಸ್ವಯಂಸೇವಕರು. ಜನವರಿಯಲ್ಲಿ ದತ್ತು ಗ್ರಾಮದಲ್ಲಿ 7 ದಿನದ ವಿಶೇಷ ಶಿಬಿರ, 50 ಮಂದಿ ಬರುತ್ತಾರೆ. 140 ಮನೆಗಳ ಊರು. ಹೆಚ್ಚಿನದು ಕೆಂಪು ಮಣ್ಣು, ಕೆರೆ ಕಡೆ ಎರೆ. ಚರಂಡಿ ಇಲ್ಲದ ಕೇರಿಗಳಲ್ಲಿ ಬಚ್ಚಲ ನೀರು ಬೀದಿಗೇ ಹರಿಯುತ್ತದೆ. ಬೀದಿ ಗುಡಿಸುವುದು, ಜಾಥಾ, ಗೋಡೆಗೆ ಸುಣ್ಣ, ಇವೆಲ್ಲ ಶಿಬಿರ ಮುಗಿದ ವಾರಕ್ಕೆ ಅಳಿಸಿಹೋಗುತ್ತವೆ. ಹಾಗಾಗಿ ಬಚ್ಚಲುಗುಂಡಿ, ಅಂದರೆ ಬಚ್ಚಲ ನೀರು ನೆಲಕ್ಕೆ ಇಂಗಲು ಕಲ್ಲು ತುಂಬಿದ ಗುಂಡಿ, ಮಾಡಿಸಬೇಕೆಂದಿದ್ದೇವೆ. ಎಷ್ಟು ಸಾಧ್ಯ, ಎಲ್ಲಿ ಕೈಕೊಡುತ್ತದೆ? ವರ್ಷದ 120 ಗಂಟೆಯ ನಿಯಮಿತ ಚಟುವಟಿಕೆಯನ್ನೂ ಇದಕ್ಕೆ ಜೋಡಿಸಬಹುದೇ?

ಊರುಕೇರಿ:
ಮೊದಲು ಕೈಗಳ ಲೆಕ್ಕ ಹಾಕಿ. ಮೊದಲ ದಿನ ಉದ್ಘಾಟನೆಗೆ, ಕೊನೆಯ ದಿನ ಸಮಾರೋಪಕ್ಕೆ ಹೋಯಿತು. ಉಳಿಯುವುದು 5 ಬೆಳಗು, ದಿನಕ್ಕೆ 4 ಗಂಟೆ. ಅಡುಗೆ, ನೀರು, ಸ್ವಚ್ಛತೆಗೆ 10 ಮಂದಿ ಬೇಕೇಬೇಕು. 40 ಜನ × 20 ಗಂಟೆ, ಅಂದರೆ 800 ಗಂಟೆಯ ದುಡಿಮೆ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ 5 ಜನರ ತಂಡವಾದರೆ ತೋಡಲು ಒಂದು ಬೆಳಗು, ಕಲ್ಲು ತುಂಬಿ ಪೈಪು ಕೂಡಿಸಲು ಇನ್ನೊಂದು. 8 ತಂಡ, 5 ಬೆಳಗು: ಕಾಗದದ ಮೇಲೆ 20 ಗುಂಡಿ. ನೀವು 12 ಅಂದುಕೊಳ್ಳಿ. ಕೈಯಲ್ಲಿ ಬೊಬ್ಬೆ ಬರುತ್ತದೆ, ಗುಂಡಿಯಲ್ಲಿ ಬಂಡೆ ಸಿಗುತ್ತದೆ, ಅತಿಥಿಗಳು ಬೆಳಿಗ್ಗೆಯೇ ಬಂದುಬಿಡುತ್ತಾರೆ. 40 ಗುಂಡಿ ಘೋಷಿಸಿ 15 ಅರೆಬರೆ ಬಿಟ್ಟು ಬಂದರೆ ಮುಂದಿನ ವರ್ಷ ಆ ಊರಲ್ಲಿ ನಿಮ್ಮನ್ನು ಯಾರೂ ನಂಬುವುದಿಲ್ಲ.

ತಂಡಕ್ಕೆ ಒಂದು ಹಾರೆ, ಒಂದು ಪಿಕಾಸಿ, ಒಂದು ಸಲಿಕೆ, ಎರಡು ಬಾಣಲಿ ಸಾಕು. ಅಷ್ಟು ಸಣ್ಣ ಗುಂಡಿಯೊಳಗೆ ಅಗೆಯಲು ಒಬ್ಬರಿಗಷ್ಟೇ ಜಾಗ, ಹಾಗಾಗಿ 15 ನಿಮಿಷಕ್ಕೊಮ್ಮೆ ಆಳು ಬದಲಿಸಿ.

ಕಲ್ಲು ಶಿಬಿರಕ್ಕೆ ಮೊದಲೇ ಊರು ಸೇರಿರಬೇಕು. ಒಂದು ಗುಂಡಿ ಅಂದರೆ ಸುಮಾರು 35 ಘನ ಅಡಿ, ಟ್ರ್ಯಾಕ್ಟರ್ ಟ್ರೈಲರ್ ಒಂದು ಲೋಡಿಗೆ ಹೆಚ್ಚುಕಮ್ಮಿ 100. 12 ಗುಂಡಿಗೆ 4ರಿಂದ 5 ಲೋಡು. ಮೂರನೇ ದಿನ ಕಲ್ಲಿಗೆ ಓಡಾಡತೊಡಗಿದರೆ ಮಕ್ಕಳು ಖಾಲಿ ಕೂರುತ್ತಾರೆ. ಖಾಲಿ ಕೂತ ಶಿಬಿರಕ್ಕೆ ಮತ್ತೆ ಹುರುಪು ತುಂಬುವುದು ಬಹಳ ಕಷ್ಟ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಲಿಖಿತ ಒಪ್ಪಿಗೆ ಪಡೆಯುವಾಗ, ಕೂಲಿ ಕೊಡುವ ಸರ್ಕಾರದ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ (ನರೇಗಾ) ಬಚ್ಚಲುಗುಂಡಿ ಮಂಜೂರಾದ ಮನೆಗಳ ಪಟ್ಟಿಯನ್ನೂ ಕೇಳಿ. ಆ ಮನೆಗಳನ್ನು ಮುಟ್ಟಬೇಡಿ. ಮಕ್ಕಳು ತೋಡಿದ ಗುಂಡಿಗೆ ಕೂಲಿ ಬಿಲ್ಲು ಆಗುವ ಸಂದರ್ಭವೇ ಬರಬಾರದು.

ಕಲ್ಲುಮಣ್ಣು:
ಜಾಗ ಆರಿಸುವಲ್ಲಿ ತಪ್ಪಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಗುರುತು ಮಾಡಿದ ಜಾಗದಲ್ಲಿ ಒಂದಡಿ ಆಳದ ಕುಳಿ ತೆಗೆದು ಸಂಜೆ ನೀರು ತುಂಬಿ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ ಕಡ್ಡಿ ಇಟ್ಟು ಅಳೆಯಿರಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಆ ಜಾಗ ಬಿಡಿ. ಎರೆಮಣ್ಣು ನೆಂದೊಡನೆ ಉಬ್ಬಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಅಲ್ಲಿ ಗುಂಡಿ ತೋಡಿದರೆ ಸೊಳ್ಳೆಗೆ ತೊಟ್ಟಿ ಕಟ್ಟಿಕೊಟ್ಟಂತೆ. ಕೆರೆ ಕಡೆಯ ಮನೆಗಳಿಗೆ ನೀರನ್ನು ಹಿತ್ತಲಿಗೆ ತಿರುಗಿಸಿ ಬಾಳೆ, ಕೆಸು ಹಾಕಿಸಿ.

ಬಾವಿ, ಕೊಳವೆಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಮನೆಗೋಡೆಯಿಂದ ಒಂದು ಮೀಟರ್. ತಳಕ್ಕೆ 5-6 ಇಂಚಿನ ಕಲ್ಲು, ನಡುವೆ 4 ಇಂಚಿನದು, ಮೇಲೆ 2-3 ಇಂಚಿನದು. ಮರಳು, ಜಲ್ಲಿಪುಡಿ ಸುರಿಯಬೇಡಿ. ನೀರು ನಿಲ್ಲಲು ಬೇಕಾದ ಸಂದುಗಳೇ ತುಂಬಿಹೋಗುತ್ತವೆ. ಮೇಲುಪದರದ ನಡುವೆ ತಳಕ್ಕೆ ತೂತು ಕೊರೆದ ಮಡಕೆ ಕೂರಿಸಿ, ಅದರೊಳಗೆ ತೆಂಗಿನ ನಾರು ತುಂಬಿ, ಪೈಪು ಅದರ ಬಾಯಿಗೆ ಬರಲಿ. ಕೂದಲು, ಸೋಪಿನ ಜಿಡ್ಡು, ಅನ್ನದಗುಳು ನಾರಿನಲ್ಲೇ ನಿಲ್ಲುತ್ತವೆ. ಸುತ್ತಲಿನ ಕಲ್ಲಿಗೆ ಗೋಣಿ ಹಾಸಿ ಮಣ್ಣು ಮುಚ್ಚಿ. ಮಡಕೆಯ ಬಾಯಿಗೆ ಮಾತ್ರ ಚಪ್ಪಡಿ, ತೆಗೆಯುವಂತಿರಬೇಕು.

ಶೌಚಾಲಯದ ನೀರು ಯಾವ ಕಾರಣಕ್ಕೂ ಇದಕ್ಕೆ ಸೇರಕೂಡದು. ಅರ್ಧ ತೋಡಿದ ಗುಂಡಿಗೆ ರಾತ್ರಿ ಹಲಗೆ ಮುಚ್ಚಿ, ಸುತ್ತ ಜಾಲಿಮುಳ್ಳು ಹಾಕಲೇಬೇಕು. ಊರಲ್ಲಿ ಚಿಕ್ಕ ಮಕ್ಕಳಿರುತ್ತಾರೆ, ಕರುಗಳಿರುತ್ತವೆ. ಪ್ರತಿ ಸಂಜೆ ಒಬ್ಬ ನಾಯಕ ಟಾರ್ಚ್ ಹಿಡಿದು ಎಲ್ಲ ಗುಂಡಿ ನೋಡಿ ಬರಲಿ.

ದಿನಚರಿ240:
120 ಗಂಟೆಯ ಪ್ರಶ್ನೆಗೆ: ಖಂಡಿತ ಜೋಡಿಸಿ, ಅದೇ ಸರಿಯಾದ ದಾರಿ. ಎರಡು ವರ್ಷಕ್ಕೆ 240 ಗಂಟೆ ಮತ್ತು ಒಂದು ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ. ಎಷ್ಟೋ ಕಡೆ ಈ ಗಂಟೆಗಳು ಕಾಲೇಜಿನ ಅಂಗಳದಲ್ಲೇ ಕಳೆದುಹೋಗುತ್ತವೆ. 1969ರಲ್ಲಿ ಎನ್ನೆಸ್ಸೆಸ್ ಶುರುವಾದ ದಿನ ಸೆಪ್ಟೆಂಬರ್ 24. ಆ ದಿನದ ಭಾಷಣ ಮೊಟಕು ಮಾಡಿ ಊರಿಗೆ ಹೋಗಿ ಮನೆ ಸಮೀಕ್ಷೆ ಶುರುಮಾಡಿ. "ನೀರು ಎಲ್ಲಿಗೆ ಹೋಗುತ್ತದೆ?" ಎಂದು ಜಗುಲಿಯಲ್ಲಿ ಕೂತ ಯಜಮಾನರನ್ನು ಕೇಳಿದರೆ ಸಾಲದು. ಪಾತ್ರೆ ತೊಳೆಯುವ ಹೆಂಗಸರನ್ನು ಕೇಳಿ, ಹಿತ್ತಲಿಗೆ ಹೋಗಿ ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಇಂಗುವ ಪರೀಕ್ಷೆ ನವೆಂಬರಿನ ಎರಡು ಶನಿವಾರ ಮಾಡಿ. ಮಳೆಯ ಬೆನ್ನಿಗೇ ಅಳೆದರೆ ನೆಲ ನೆಂದಿರುತ್ತದೆ, ಅಳತೆ ತಪ್ಪುತ್ತದೆ.

ಸ್ವಯಂಸೇವಕರು ದುಡಿದ ಗಂಟೆ ಬರೆದಿಡುವ ಕಾರ್ಯದಿನಚರಿಗೆ ಅದೇ ದಿನ, ಅಲ್ಲೇ ಸಹಿ ಹಾಕಿ. ವರ್ಷದ ಕೊನೆಗೆ ಒಟ್ಟಿಗೆ ತುಂಬಿಸಿದ ಗಂಟೆ ದುಡಿದವನಿಗೂ ದುಡಿಯದವನಿಗೂ ಒಂದೇ ಆಗುತ್ತದೆ. ದುಡಿದವನು ಮುಂದಿನ ವರ್ಷ ಬರುವುದಿಲ್ಲ. ಪ್ರತಿ ತಂಡದಲ್ಲಿ ಎರಡನೇ ವರ್ಷದವರು ಇಬ್ಬರಿರಲಿ, ಇಲ್ಲವಾದರೆ ಕಲಿತ ಕೆಲಸ ಅವರ ಜೊತೆಗೇ ಹೊರಟುಹೋಗುತ್ತದೆ.

ಹೊಸಘಟಕ:
ಶಿಬಿರ ಮುಗಿದ ಮೇಲೆ ನಾರು ಯಾರು ಬದಲಿಸಬೇಕು? ಮನೆಯವರು ಮರೆತರೆ?

ಕಲ್ಲುಮಣ್ಣು:
ತೋಡುವ ದಿನವೇ ಆ ಮನೆಯವರೊಬ್ಬರ ಕೈಯಲ್ಲಿ ಮಡಕೆ ಕೂರಿಸಿ. ನಿಂತು ನೋಡಿದವರಿಗಿಂತ ಕೈಯಿಟ್ಟವರು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ನಾರು ತೆಗೆದು ತೊಳೆದು ಹಾಕಿದರೆ ಸಾಕು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದೊಂದು ಶನಿವಾರ 10 ಮಂದಿ ಹೋಗಿ 12 ಮಡಕೆಯನ್ನೂ ತೆರೆದು ನೋಡಲಿ. ಜೂನ್ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಹೋಗಿ. ಮಳೆನೀರು ಒಳಗೆ ನುಗ್ಗುತ್ತಿದ್ದರೆ ಸುತ್ತ ಅರ್ಧ ಅಡಿ ಬದು ಹಾಕಿಸಿ. ತುಂಬಿ ಉಕ್ಕುವ ಗುಂಡಿ ಕಂಡರೆ ಮುಚ್ಚಿಡಬೇಡಿ, ಮೇಲುಪದರ ಬಿಚ್ಚಿ ಕಲ್ಲು ತೊಳೆದು ಮತ್ತೆ ಜೋಡಿಸಿ. ಒಂದು ಬೆಳಗಿನ ಕೆಲಸ ಅಷ್ಟೇ.