ಸಹಾಯ ಬೇಕು: ಅರ್ಜೆಂಟೀನಾದ ಮೊಬೈಲ್ ನಂಬರ್‌ಗೆ ಕಾಲ್ ಹೋಗ್ತಿಲ್ಲ, 15 ತೆಗೀಬೇಕಾ?

ಎಲ್ಲರಿಗೂ ನಮಸ್ಕಾರ. ಬ್ಯೂನಸ್ ಐರಿಸ್‌ನಲ್ಲಿರುವ ಗೆಳೆಯನೊಬ್ಬ ತನ್ನ ಮೊಬೈಲ್ ನಂಬರ್ ಬರೆದುಕೊಟ್ಟಿದ್ದಾನೆ. ಮೊದಲು 011, ಆಮೇಲೆ 15, ಆಮೇಲೆ ಎಂಟು ಅಂಕಿ. ಅಲ್ಲಿನವರು ಹೀಗೇ ಬರೆಯುತ್ತಾರಂತೆ. ನಾನು ಇಂಡಿಯಾದಿಂದ 00, ಆಮೇಲೆ ಅರ್ಜೆಂಟೀನಾದ ದೇಶದ ಕೋಡ್ 54 ಹಾಕಿ ಅದನ್ನೆಲ್ಲ ಹಾಗೇ ಒತ್ತಿದೆ, ಹೋಗಲಿಲ್ಲ. ನಮ್ಮಲ್ಲಿ ಹೊರದೇಶದಿಂದ ಮಾಡುವಾಗ ಎಸ್‌ಟಿಡಿ ಕೋಡ್‌ನ ಸೊನ್ನೆ ಬಿಡ್ತೀವಲ್ಲ, ಹಾಗೆ ಬಿಟ್ಟು ನೋಡಿದೆ, ಆಗಲೂ ಇಲ್ಲ.

ನಮ್ಮಲ್ಲಾದರೆ ಮೊಬೈಲ್ ನಂಬರ್ 6, 7, 8, 9ರಿಂದ ಶುರುವಾಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಅಲ್ಲಿ ಮೊಬೈಲ್‌ಗೂ ಲ್ಯಾಂಡ್‌ಲೈನ್‌ಗೂ ಊರಿನ ಕೋಡ್ ಒಂದೇ, ಅದಕ್ಕೇ ದೇಶದೊಳಗೆ ಮೊಬೈಲ್ ಅಂತ ತೋರಿಸಲು 15 ಸೇರಿಸುತ್ತಾರೆ, ಹೊರಗಿನಿಂದ ಮಾಡುವಾಗ 54 ಆದಮೇಲೆ 9 ಹಾಕಬೇಕು ಅಂತ ಓದಿದೆ. ಸರಿ, 9 ಹಾಕಿದೆ. ಆದರೆ 15 ಬಿಟ್ಟಿರಲಿಲ್ಲ, ಮತ್ತೆ ತಪ್ಪು ನಂಬರ್ ಅಂತಲೇ ಬಂತು. ತಲೆ ಕೆಟ್ಟುಹೋಗಿದೆ, ಬಿಲ್ ಬೇರೆ ನೆನೆಸಿಕೊಂಡು ಸುಮ್ನೆ ಇನ್ನೊಂದು ಸಲ ಒತ್ತೋಕೆ ಧೈರ್ಯ ಇಲ್ಲ.

ನನ್ನ ಲೆಕ್ಕದಲ್ಲಿ ಸೊನ್ನೆ, 15 ಎರಡನ್ನೂ ಬಿಟ್ಟು 54, 9, 11, ಆಮೇಲೆ ಆ ಎಂಟು ಅಂಕಿ ಒತ್ತಬೇಕು, ಅಲ್ವಾ? ಇನ್ನೊಬ್ಬ ಗೆಳೆಯ ಕೋರ್ಡೊಬಾದಲ್ಲಿದ್ದಾನೆ, ಅಲ್ಲಿ ಕೋಡ್ 351, ನಂಬರ್ ಏಳೇ ಅಂಕಿ. ಅವನಿಗೂ ಇದೇ ರೀತಿಯಾ? ವಾಟ್ಸಾಪ್‌ಗೆ ಸೇವ್ ಮಾಡುವಾಗಲೂ 9 ಇರಲೇಬೇಕಾ? ಅಲ್ಲಿಗೆ ಕಾಲ್ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.